ಹುಟ್ಟುಹಬ್ಬಕ್ಕೊಂದು ಬುತ್ತಿ ಊಟ

ಗೆಳೆಯರಿಗೆಲ್ಲ ಊಟ ಹಾಕಿಸುವ ಖರ್ಚಿಗೆ ಅಂಜಿ ತಮ್ಮ ಹುಟ್ಟಿದ ದಿನವನ್ನೇ ಹೇಳಿಕೊಳ್ಳದವರು ನಿಮ್ಮ ತರಗತಿಯಲ್ಲೂ ಇರಬಹುದು. ಇದಕ್ಕೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯದೊಂದು ದಾರಿ ಇದೆ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಿದ ಮೇಲೆ ಹೊಲದಲ್ಲಿ ಬುತ್ತಿ ಬಿಚ್ಚಿ ಎಲ್ಲರೂ ಹಂಚಿ ಉಣ್ಣುತ್ತಾರೆ. ಇಂಗ್ಲಿಷಿನವರು ‘ಪಾಟ್‌ಲಕ್’ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ.

ಯಾರು ಏನು ತರಬೇಕೆಂದು ಮೊದಲೇ ಹಂಚಿಕೊಳ್ಳಿ. ಇಲ್ಲವಾದರೆ ಐದು ಡಬ್ಬಿಗಳಲ್ಲೂ ಚಿತ್ರಾನ್ನವೇ ಬಂದೀತು! 10 ಜನರ ಗಿರಮಿಟ್ಟಿಗೆ ಅರ್ಧ ಕಿಲೋ ಚುರಮುರಿ ಸಾಕು. ಒಬ್ಬರು ಚುರಮುರಿ, ಒಬ್ಬರು ಪುಟಾಣಿ ಹಿಟ್ಟು ಮತ್ತು ಸೇವು, ಇನ್ನೊಬ್ಬರು ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ತರಲಿ. ಹಸಿಮೆಣಸಿನಕಾಯಿ, ಹುಣಸೆಹುಳಿ, ಬೆಲ್ಲ ಹಾಕಿದ ಒಗ್ಗರಣೆ ಕರೆದವರ ಮನೆಯದಾಗಲಿ. ಚುರಮುರಿ ತೇವವನ್ನು ಬೇಗ ಹೀರಿ ಮೆತ್ತಗಾಗುವುದರಿಂದ ತಿನ್ನುವ ಹೊತ್ತಿಗೇ ಕಲಸಬೇಕು.

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆಗಳಲ್ಲಿ ನೀರಿನಂಶ ಕಡಿಮೆ. ಹಿಂದಿನ ದಿನವೇ ಮಾಡಿಟ್ಟರೂ ಕೆಡುವುದಿಲ್ಲ. ಆದರೆ ಬೇಯಿಸಿದ ಅನ್ನದಲ್ಲಿ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ಆದ್ದರಿಂದ ಚಿತ್ರಾನ್ನ, ಮೊಸರನ್ನಗಳನ್ನು ಮಾಡಿದ 2 ಗಂಟೆಯೊಳಗೆ ಉಂಡುಬಿಡಿ. ಶೇಂಗಾ ಒಗ್ಗದವರು ಇದ್ದಾರೆಯೇ ಎಂದು ಮೊದಲೇ ಕೇಳಿ. ಕೆಲವರಿಗೆ ಅದು ಪ್ರಾಣಕ್ಕೇ ಅಪಾಯ ತರಬಲ್ಲದು. ದುಬಾರಿ ಕೇಕಿನ ಬದಲು ಧಾರವಾಡ ಪೇಢೆ ಹಂಚಿದರೆ ಆಗದೇ?

ಏನನ್ನೂ ತರಲಾಗದ ಗೆಳೆಯ ಅದೇ ಕಾರಣಕ್ಕೆ ದೂರ ಉಳಿಯಬಾರದು. ಉಳ್ಳಾಗಡ್ಡಿ ಹೆಚ್ಚುವ, ಗಿರಮಿಟ್ಟು ಕಲಸುವ ಕೆಲಸ ಅವನಿಗಿರಲಿ. ಯಾರ ಡಬ್ಬಿ ಯಾವುದೆಂಬ ಲೆಕ್ಕ ಮಾತ್ರ ಬೇಡ. ಬುತ್ತಿ ಬಿಚ್ಚಿದ ಮೇಲೆ ಅದು ಎಲ್ಲರದು.