ತರಗತಿಯಲ್ಲಿ ತಂತ್ರಜ್ಞಾನದ ಬಳಕೆ: ಶಿಕ್ಷಕರ ತರಬೇತಿ ಕುರಿತು ಸಾರ್ವಜನಿಕ ಮಾಹಿತಿ

ಶಾಲೆಗೆ ಕಂಪ್ಯೂಟರ್ ಬಂದಿದೆ, ಆದರೆ ಅದರಿಂದ ಪಾಠ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಪೋಷಕರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರೂ ಆಗಾಗ್ಗೆ ಕೇಳುತ್ತಾರೆ. ಈ ಪ್ರಶ್ನೆ ಸಮಂಜಸವಾದುದು. ಶಿಕ್ಷಕರು ತಂತ್ರಜ್ಞಾನವನ್ನು ಹೇಗೆ ಕಲಿಯುತ್ತಾರೆ, ಕಲಿತದ್ದು ತರಗತಿಗೆ ಹೇಗೆ ತಲುಪಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಕರ್ನಾಟಕದ ಶಾಲೆಗಳಿಗೆ ಈ ವಿಷಯ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಆಧಾರಿತ ಬೋಧನಾ ದೂರದರ್ಶನ ಪ್ರಯೋಗವು ರಾಜ್ಯದ ಉತ್ತರ ಭಾಗದ ಹಳ್ಳಿಗಳನ್ನೂ ಒಳಗೊಂಡಿತ್ತು. ಆ ಪ್ರಯೋಗದಲ್ಲಿ ಮಕ್ಕಳಿಗೆ ಮಾತ್ರವಲ್ಲದೆ ವಿಜ್ಞಾನ ಬೋಧಿಸುವ ಪ್ರಾಥಮಿಕ ಶಿಕ್ಷಕರಿಗೂ ದೂರದರ್ಶನದ ಮೂಲಕ ತರಬೇತಿ ನೀಡಲಾಯಿತು. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು.

ಇವೆರಡರ ನಡುವೆ, 2001-02ನೇ ಸಾಲಿನಲ್ಲಿ, 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಮಾಹಿತಿ ಸಿಂಧು' ಯೋಜನೆಯನ್ನು ಆರಂಭಿಸಲಾಯಿತು. ಕಂಪ್ಯೂಟರ್‌ಗಳ ಜೊತೆಗೆ ಬೋಧಕರನ್ನೂ ಖಾಸಗಿ ಸಂಸ್ಥೆಗಳೇ ಒದಗಿಸುವ ವ್ಯವಸ್ಥೆ ಅದಾಗಿತ್ತು. ಸಹಸ್ರಾರು ವಿದ್ಯಾರ್ಥಿಗಳು ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದ್ದು ಇದರಿಂದಲೇ ಎಂಬುದನ್ನು ಮರೆಯುವಂತಿಲ್ಲ. ಆದಾಗ್ಯೂ ಈ ವ್ಯವಸ್ಥೆಯ ಕೊರತೆಯೊಂದು ಕ್ರಮೇಣ ಗೋಚರಿಸಿತು. ಕಂಪ್ಯೂಟರ್ ತರಗತಿಯು ಗಣಿತ, ವಿಜ್ಞಾನ, ಸಮಾಜ ತರಗತಿಗಳಿಂದ ಬೇರೆಯಾಗಿಯೇ ಉಳಿಯಿತು. ಒಪ್ಪಂದದ ಅವಧಿ ಮುಗಿದೊಡನೆ ಬೋಧಕರು ತೆರಳಿದರು. ಅವರೊಂದಿಗೆ ತಿಳಿವಳಿಕೆಯೂ ಶಾಲೆಯಿಂದ ಹೊರಟುಹೋಯಿತು. ಬೀಗ ಹಾಕಿದ ಕೊಠಡಿಯಲ್ಲಿ ಯಂತ್ರಗಳು ಉಳಿದವು.

ವಿಷಯ ಶಿಕ್ಷಕರೇ ಕಲಿಯುವ ಕ್ರಮ

2016-17ನೇ ಸಾಲಿನಲ್ಲಿ ಆರಂಭಗೊಂಡ, ಟಾಲ್ಪ್ ಎಂದು ಪರಿಚಿತವಾದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ಈ ಕ್ರಮವನ್ನು ಬದಲಿಸಲಾಯಿತು. ಪ್ರತ್ಯೇಕ ಕಂಪ್ಯೂಟರ್ ಬೋಧಕರ ಬದಲಿಗೆ ಶಾಲೆಯ ಕಾಯಂ ವಿಷಯ ಶಿಕ್ಷಕರಿಗೇ ಹಂತಹಂತವಾಗಿ ತರಬೇತಿ ನೀಡುವುದು ಇದರ ತಿರುಳು. ಇದಕ್ಕೆ ಮುನ್ನವೇ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ವಿಷಯ ಶಿಕ್ಷಕರ ವೇದಿಕೆಯ ಮೂಲಕ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಶಿಕ್ಷಕರನ್ನು ಒಂದೆಡೆ ಸೇರಿಸಿ, ಉಚಿತ ತಂತ್ರಾಂಶಗಳ ಬಳಕೆಯನ್ನು ರೂಢಿಸಿತ್ತು.

ತರಬೇತಿಯ ಆರಂಭ ಸಾಮಾನ್ಯವಾಗಿ ಕನ್ನಡ ಬೆರಳಚ್ಚಿನಿಂದ. ಇದು ಚಿಕ್ಕ ಸಂಗತಿಯೆಂದು ಕಾಣಬಹುದು, ಆದರೆ ಅಲ್ಲ. ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದದ್ದು ಮೊಬೈಲ್‌ನಲ್ಲಿಯೂ ಓದಲು ಬರುತ್ತದೆ, ಹುಡುಕಲೂ ಸಿಗುತ್ತದೆ. ಬೀದರ್‌ನ ಶಿಕ್ಷಕರು ಬರೆದ ಟಿಪ್ಪಣಿ ಮಡಿಕೇರಿಯ ಶಿಕ್ಷಕರಿಗೆ ಉಪಯೋಗವಾಗಬೇಕಾದರೆ ಇದೇ ಮೊದಲ ಮೆಟ್ಟಿಲು.

ಅನಂತರದ್ದು ಪಾಠಕ್ಕೆ ಸಂಬಂಧಿಸಿದ್ದು. ಉದಾಹರಣೆಗೆ, ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಗಣಿತ ಶಿಕ್ಷಕರು ತ್ರಿಭುಜವೊಂದನ್ನು ರಚಿಸಿ, ಅದರ ಶೃಂಗವನ್ನು ಎಳೆಯುತ್ತಾರೆ. ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಇಷ್ಟು ತ್ರಿಭುಜಗಳನ್ನು ಬರೆಯಲು ಒಂದು ಅವಧಿ ಸಾಲದು. ಆದರೆ ಪರದೆಯ ಮೇಲೆ ಕಂಡದ್ದು ಸಾಧನೆಯಲ್ಲ. ಏಕೆ ಹೀಗೆ ಎಂಬುದಕ್ಕೆ ಸಮಾಂತರ ರೇಖೆ ಎಳೆದು ತೋರಿಸಲು ಶಿಕ್ಷಕರು ಮತ್ತೆ ಹಲಗೆಗೇ ಬರಬೇಕು. ಎಲ್ಲಿ ಪರದೆ ಬೇಕು, ಎಲ್ಲಿ ಬೇಡ ಎಂಬ ಈ ವಿವೇಚನೆಯನ್ನು ಗುಂಡಿ ಒತ್ತಲು ಕಲಿಸಿದ ಮಾತ್ರಕ್ಕೆ ನೀಡಲಾಗದು. ಶಿಕ್ಷಕರು ಮುಂದಿನ ವಾರ ತಾವು ಬೋಧಿಸಲಿರುವ ಪಾಠವನ್ನೇ ತರಬೇತಿಯಲ್ಲಿ ಸಿದ್ಧಪಡಿಸಿ, ಸಹೋದ್ಯೋಗಿಗಳ ಎದುರು ಮಂಡಿಸಿದಾಗ ಅದು ಕೈಗೂಡುತ್ತದೆ. ಬಳಸದೆ ಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಮರೆತುಹೋಗುವುದೂ ಅಷ್ಟೇ ನಿಜ.

ಆನ್‌ಲೈನ್ ತರಬೇತಿ

2017ರ ಸೆಪ್ಟೆಂಬರ್ 5ರಂದು ಲೋಕಾರ್ಪಣೆಗೊಂಡ ದೀಕ್ಷಾ ವೇದಿಕೆಯಲ್ಲಿ ಶಿಕ್ಷಕರು ನೋಂದಾಯಿಸಿಕೊಂಡು ಕೋರ್ಸ್‌ಗಳನ್ನು ಪೂರೈಸಬಹುದಾಗಿದೆ. 2019ರಲ್ಲಿ ಮುಖಾಮುಖಿಯಾಗಿ ಆರಂಭಗೊಂಡ ನಿಷ್ಠಾ ತರಬೇತಿಯು 2020ರಲ್ಲಿ ಕೋವಿಡ್ ಕಾರಣದಿಂದ ಇದೇ ವೇದಿಕೆಗೆ ಬಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯಲ್ಲಿ ಭಾಗವಹಿಸುವುದು ಅಪೇಕ್ಷಿತ. ಪ್ರಮಾಣಪತ್ರವು ಕೋರ್ಸ್ ಮುಗಿದದ್ದಕ್ಕೆ ಸಾಕ್ಷಿಯೇ ಹೊರತು ತರಗತಿ ಬದಲಾದದ್ದಕ್ಕೆ ಅಲ್ಲ ಎಂಬುದನ್ನು ಮುಖ್ಯ ಶಿಕ್ಷಕರು ಗಮನದಲ್ಲಿಡತಕ್ಕದ್ದು.

ಪೋಷಕರು ತಿಳಿಯಬೇಕಾದದ್ದು

ಪಠ್ಯಪುಸ್ತಕದಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತವನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದಲ್ಲಿ ಆ ಪಾಠದ ಸಾಮಗ್ರಿ ದೊರೆಯುತ್ತದೆ. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ತಮ್ಮ ಶಾಲೆಯ ಯಾವ ಶಿಕ್ಷಕರು ತರಬೇತಿ ಪಡೆದಿದ್ದಾರೆ, ಪ್ರಯೋಗಾಲಯವು ವಾರಕ್ಕೆ ಎಷ್ಟು ಅವಧಿ ತೆರೆದಿರುತ್ತದೆ ಎಂಬುದನ್ನು ಸಮಿತಿಯ ಸಭೆಯಲ್ಲಿ ವಿಚಾರಿಸಬಹುದು. ಯಂತ್ರಗಳು ಕೆಟ್ಟಿದ್ದಲ್ಲಿ ಅಥವಾ ತರಬೇತಿ ಪಡೆದವರು ವರ್ಗಾವಣೆಗೊಂಡಿದ್ದಲ್ಲಿ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದು. ಮಾಹಿತಿ ದೊರೆಯದಿದ್ದ ಪಕ್ಷದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.