ನಡಿಗೆ ನೋಡಿ ನಗೋ ಮುಂಚೆ ಇದನ್ನೊಮ್ಮೆ ಓದಿ: ಸಲಿಂಗಿ ಆಗಿರೋದು ಕಾಯಿಲೆಯಲ್ಲ

ಕೊಟ್ಟಿಗೆಹಾರ: ಕಳಸ, ಮೂಡಿಗೆರೆ, ಚಾರ್ಮಾಡಿ ಕಡೆಯ ಬಸ್‌ಗಳು ಸೇರುವ ಜಾಗ ಇದು. ಬಸ್ ಕಾಯುತ್ತಾ ನಿಂತವರ ಬಾಯಿಗೆ ಸುಲಭವಾಗಿ ಸಿಗೋದು ಇನ್ನೊಬ್ಬರ ನಡಿಗೆ, ದನಿ, ಮೈಕಟ್ಟು. ಹುಡುಗ ಸ್ವಲ್ಪ ಮೆತ್ತಗೆ ಮಾತಾಡಿದರೆ ಸಾಕು, 'ಏನೋ, ಹುಡುಗಿ ತರ ಆಡ್ತೀಯ' ಅನ್ನೋ ಮಾತು ಬಂದೇಬಿಡುತ್ತದೆ. ಅಂದವರು ಟೀ ಕುಡಿದು ಮರೀತಾರೆ. ಕೇಳಿಸಿಕೊಂಡವನು ಮರೆಯಲ್ಲ. ಕನ್ನಡಿ ಮುಂದೆ ನಿಂತಾಗಲೂ ಅದೇ ಮಾತು ಕೇಳಿಸುತ್ತೆ.

ಸಲಿಂಗಿ ಅಂದರೆ ಯಾರು?

ಗಂಡಸರ ಮೇಲೇ ಪ್ರೀತಿ, ಆಕರ್ಷಣೆ ಇರುವ ಗಂಡಸು. ಅಷ್ಟೇ. ಮೆತ್ತಗೆ ಮಾತಾಡೋರೆಲ್ಲ ಸಲಿಂಗಿಗಳಲ್ಲ, ದಪ್ಪ ಮೀಸೆಯವರಲ್ಲಿ ಇಲ್ಲ ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಹಾಗಾಗಿ ಇದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ.

ಕನ್ನಡದಲ್ಲೇ ಹೇಳಿದವರು

ಕಥೆಗಾರ ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದನ್ನು 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನದ ಮೂಲಕ ಹೊರಗಿಟ್ಟರು. ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ಹೇಳಿಕೊಳ್ಳೋ ಮೊದಲು ಖಿನ್ನತೆ ಅನುಭವಿಸಿದ್ದನ್ನೂ ಮುಚ್ಚಿಡಲಿಲ್ಲ.

ಆಗ ಕಾಲ ಸುಲಭದ್ದಾಗಿರಲಿಲ್ಲ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಕಲಂ ಅನ್ನು ಎತ್ತಿಹಿಡಿದು, ಸಲಿಂಗ ಸಂಬಂಧ ಮತ್ತೆ ಅಪರಾಧವಾಯಿತು. ಪುಸ್ತಕ ಓದಿದ ಎಷ್ಟೋ ಜನ ಅವರಿಗೆ ಫೋನ್ ಮಾಡಿ ತಮ್ಮ ಕಷ್ಟ ಹೇಳಿಕೊಂಡರು. ಸಂಕಲನದ ಒಂದು ಕಥೆಯಲ್ಲಿ ಮೋಹನಸ್ವಾಮಿ ಆಫ್ರಿಕಾದ ಕಿಲಿಮಂಜಾರೋ ಹತ್ತುತ್ತಾನೆ. 5,895 ಮೀಟರ್ ಎತ್ತರದ ಬೆಟ್ಟ. ಊರು ಆಡಿಕೊಳ್ಳುವಂಥ ಮೈಯೇ ಅಷ್ಟು ಎತ್ತರಕ್ಕೆ ಹೊತ್ತೊಯ್ಯುತ್ತದೆ. ಗುಡ್ಡ ಹತ್ತಿ ಬದುಕುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಾನೂನು ಏನು ಹೇಳುತ್ತೆ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಸಲಿಂಗ ಮದುವೆಗೆ ಮಾತ್ರ ಇನ್ನೂ ಕಾನೂನಿನ ಮಾನ್ಯತೆ ಸಿಕ್ಕಿಲ್ಲ. ಸಲಿಂಗಿ ಅನ್ನೋದನ್ನ ಮನೆಯವರಿಗೆ ಹೇಳ್ತೀನಿ ಅಂತ ಯಾರಾದರೂ ಹೆದರಿಸಿ ದುಡ್ಡು ಕೇಳಿದರೆ ಅದು ಸುಲಿಗೆ. ಪೊಲೀಸರಿಗೆ ದೂರು ಕೊಡಬಹುದು.

ಮನೆಯವರು ಏನು ಮಾಡಬೇಕು?

ಮಗ ಬಾಯಿಬಿಟ್ಟು ಹೇಳಿದ ದಿನ ಬೈಯದೆ ಕೇಳಿಸಿಕೊಳ್ಳಿ. 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಅನ್ನೋದು ತಪ್ಪು ಲೆಕ್ಕ. ಅದರಲ್ಲಿ ಅವನ ಜೊತೆ ಏನೂ ಅರಿಯದ ಹೆಣ್ಣುಮಗಳ ಬದುಕೂ ಹಾಳಾಗುತ್ತೆ.

ಮನಸ್ಸು ಕುಗ್ಗಿದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಂಗಡಿ, ಹೋಟೆಲಿನವರಿಗೆ ಒಂದು ಮಾತು. ಗಿರಾಕಿ ಕಾಸು ಕೊಟ್ಟು ಸಾಮಾನು ತಗೊಂಡು ಹೋಗ್ತಾನೆ. ಅದರ ಜೊತೆ ಒಂದು ಕುಹಕವನ್ನೂ ಕಟ್ಟಿಕೊಡಬೇಕಾಗಿಲ್ಲ.