ಉಪಗ್ರಹ ಕಂಡ ಸಹ್ಯಾದ್ರಿ

ರಾಯಚೂರು ಜಿಲ್ಲೆಯವರಾದ ನಮಗೆ ಪರ್ವತಗಳ ಚಿಂತೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮದು ಎರೆಭೂಮಿಯ ಬಯಲು. ಗುಡ್ಡವೆಂದರೆ ಅಶೋಕನ ಶಾಸನವಿರುವ ಮಸ್ಕಿಯ ಗುಡ್ಡವೇ ನಮಗೆ ನೆನಪಾಗುವುದು. ಆದರೆ ನಮ್ಮ ಅನ್ನದ ಮೂಲವನ್ನು ಹುಡುಕಿ ಹೊರಟವನು ಬೆಟ್ಟವನ್ನೇ ಹತ್ತಬೇಕಾಗುತ್ತದೆ. ಸಿಂಧನೂರು, ಮಸ್ಕಿ ಕಡೆಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ, ಲಿಂಗಸುಗೂರು ಕಡೆಯ ಹೊಲಗಳಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯೂ ನೀರುಣಿಸುತ್ತವೆ. ತುಂಗೆ, ಭದ್ರೆಯರು ಹುಟ್ಟುವುದು ಗಂಗಾಮೂಲದಲ್ಲಿ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಎರಡೂ ಸಹ್ಯಾದ್ರಿಯ ಮಡಿಲೇ ಸರಿ.

1953ರಲ್ಲಿ ನೀರು ಹರಿಸತೊಡಗಿದ ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. 2016ರ ಅಳತೆಯಲ್ಲಿ ಅದು ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿತ್ತು. ಉಳಿದ ಜಾಗವನ್ನು ಹೂಳು ನುಂಗಿದೆ. ಎರಡನೆಯ ಬೆಳೆಗೆ ನೀರು ಬಿಡುವರೋ ಇಲ್ಲವೋ ಎಂದು ಕಾಯುವ ಮನೆಯಲ್ಲಿ ಬೆಳೆದ ನನಗೆ ಇದು ಬರಿಯ ಅಂಕಿಯಲ್ಲ. ಈ ಹೂಳೆಲ್ಲ ಘಟ್ಟದಿಂದಲೇ ಬಂದಿತೆನ್ನಲಾಗದು. ನಡುವಣ ಹೊಲಗಳ ಮಣ್ಣೂ ಅದರಲ್ಲಿದೆ. ಎಲ್ಲಿಯ ಮಣ್ಣು ಸಡಿಲಾಗಿದೆ, ಎಲ್ಲಿಯ ಕಾಡು ತೆಳುವಾಗಿದೆ ಎಂಬುದನ್ನು ಮೊದಲು ಕಾಣಬೇಕು. ಸಾವಿರಾರು ಚದರ ಮೈಲಿಯ ಆ ಸೀಮೆಯನ್ನು ನಡೆದು ನೋಡಿ ಮುಗಿಸುವುದೆಂತು? ಕೃತಕ ಉಪಗ್ರಹದ ಉಪಯೋಗ ಇಲ್ಲಿಯೇ.

ಉಪಗ್ರಹದ ಕ್ಯಾಮರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಗ್ರಹಿಸುತ್ತದೆ. ಆರೋಗ್ಯವುಳ್ಳ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ನೀರು ಅದನ್ನು ಬಹುಮಟ್ಟಿಗೆ ನುಂಗಿ ಕಪ್ಪಾಗಿ ಕಾಣುತ್ತದೆ. ಈ ಭೇದದಿಂದಲೇ ಕಾಡು, ಬರಿನೆಲ, ಕೆರೆಗಳನ್ನು ಬೇರ್ಪಡಿಸುತ್ತಾರೆ. ಜಲಾಶಯದ ಹೂಳನ್ನು ಅಂದಾಜು ಮಾಡುವುದೂ ಹೀಗೆಯೇ. ನೀರು ಒಂದು ಗೊತ್ತಾದ ಮಟ್ಟದಲ್ಲಿರುವಾಗ ಅದು ಎಷ್ಟು ಅಗಲ ಹರಡಿದೆಯೆಂದು ಚಿತ್ರದಲ್ಲಿ ಅಳೆದು, ಹಳೆಯ ಅಳತೆಯೊಡನೆ ಹೋಲಿಸಿದರೆ ಕಡಮೆಯಾದ ಪಾಲು ತಿಳಿಯುತ್ತದೆ.

ಭೂಮಿಯ ಸಂಪತ್ತನ್ನು ನೋಡಲೆಂದೇ ಅಮೆರಿಕವು 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. 1988ರಲ್ಲಿ ನಮ್ಮ ಐ.ಆರ್.ಎಸ್.-1ಎ ಕಕ್ಷೆ ಸೇರಿತು. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟರೆ ಆದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಚಿತ್ರಗಳನ್ನು ಹೀಗೆ ಹೋಲಿಸಿದ ಒಂದು ಅಧ್ಯಯನವು 1973ರಿಂದ 1995ರೊಳಗೆ ಅಲ್ಲಿಯ ಕಾಡಿನಲ್ಲಿ ಸುಮಾರು ಕಾಲುಪಾಲು ಅಳಿಯಿತೆಂದು ತೋರಿಸಿತು.

ಇಂಥ ಚಿತ್ರಗಳ ಮೇಲೆ ಶಾಸನ ಮಾಡಹೊರಟಾಗ ಏನಾಗುವುದೆಂಬುದಕ್ಕೂ ಉದಾಹರಣೆಯುಂಟು. ಇಸ್ರೋ ಸಂಸ್ಥೆಯ ಮಾಜಿ ಅಧ್ಯಕ್ಷರಾದ ಡಾ. ಕಸ್ತೂರಿರಂಗನ್ ಅವರ ಸಮಿತಿಯು ಉಪಗ್ರಹದ ಮಾಹಿತಿಯನ್ನು ಬಳಸಿ, 2013ರಲ್ಲಿ, ಘಟ್ಟಪ್ರದೇಶದ ಸುಮಾರು ನೂರಕ್ಕೆ 37ರಷ್ಟನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಮಲೆನಾಡಿನವರು ಬಲವಾಗಿ ವಿರೋಧಿಸಿದರು. ತಮ್ಮ ಅಡಿಕೆ, ಕಾಫಿ ತೋಟಗಳ ಹಸಿರನ್ನು ಮೇಲಿನಿಂದ ನೋಡಿ ಕಾಡೆಂದು ಬಗೆದರೆ ತಮ್ಮ ಬದುಕಿನ ಗತಿಯೇನು ಎಂಬುದು ಅವರ ಅಳಲು. 2024ರಲ್ಲಿ ರಾಜ್ಯದ ಮಂತ್ರಿಮಂಡಲವೂ ವರದಿಯನ್ನು ನಿರಾಕರಿಸಿತು.

ಅವರ ಅಳಲನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲದ ಮೋಡ ಕ್ಯಾಮರಾಕ್ಕೆ ಅಡ್ಡ ಬರುತ್ತದೆ. ಕಡಿದಾದ ಕಣಿವೆಯ ನೆರಳು ಮೋಸ ಮಾಡುತ್ತದೆ. ನೆರಳುಮರಗಳ ಕೆಳಗಿನ ಕಾಫಿ ಗಿಡ ಮೇಲಿನಿಂದ ಕಾಣದು. ಮೋಡವನ್ನು ಭೇದಿಸುವ ರೇಡಾರ್ ಉಪಗ್ರಹಗಳು ಈಗ ಇವೆಯಾದರೂ, ಸ್ಥಳಕ್ಕೆ ಹೋಗಿ ಊರವರನ್ನು ಕೇಳಿ ತಾಳೆ ನೋಡದೆ ಯಾವ ನಕಾಶೆಯೂ ಪೂರ್ಣವಾಗದು. ಹಾಗೆಂದು ನಕಾಶೆಯನ್ನೇ ಬದಿಗಿಟ್ಟರೆ ನಷ್ಟ ಘಟ್ಟದವರಿಗಷ್ಟೇ ಅಲ್ಲ, ಕಾಲುವೆಯ ಕೊನೆಯಲ್ಲಿರುವ ನಮಗೂ ಉಂಟು. ಬೆಟ್ಟವನ್ನು ಉಳಿಸಿಕೊಡಿರೆಂದು ಮಲೆನಾಡಿನ ರೈತನನ್ನು ಕೇಳುವ ನಾವು, ಅದರ ಭಾರದಲ್ಲಿ ಪಾಲುಗೊಳ್ಳಲು ಸಿದ್ಧರಿರಬೇಕು. ಆತನ ತೋಟಕ್ಕೆ ಭದ್ರತೆ ಕೊಡಿರೆಂದು ಸರ್ಕಾರವನ್ನು ಕೇಳುವಾಗ ನಮ್ಮ ದನಿಯೂ ಕೂಡಬೇಕು.

ಭಾರತದ ಉಪಗ್ರಹ ಚಿತ್ರಗಳನ್ನು 2009ರಲ್ಲಿ ಆರಂಭವಾದ ‘ಭುವನ್’ ಎಂಬ ಇಸ್ರೋ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಿಜ್ಞಾನದವರೇ ಆಗಬೇಕೆಂದಿಲ್ಲ. ಭೂಗೋಳ, ಅರ್ಥಶಾಸ್ತ್ರ ಓದುವ ನಮ್ಮ ಮಿತ್ರರು ಬಿಡುವಾದಾಗ ಗಂಗಾಮೂಲದಿಂದ ಸಿಂಧನೂರಿನವರೆಗೆ ಆ ನೀರಿನ ದಾರಿಯನ್ನು ಒಮ್ಮೆ ಅಲ್ಲಿ ಹಿಡಿದು ನೋಡಲಿ. ನಮ್ಮ ತಾಲ್ಲೂಕಿನ ಎಲ್ಲೆ ನಾವೆಣಿಸಿದ್ದಕ್ಕಿಂತ ಬಹು ದೂರದಲ್ಲಿದೆಯೆಂದು ಅವರಿಗೆ ತಿಳಿದೀತು.